ನಮ್ಮ ಮನೆಯ ಫೈಲುಗಳ ನಾಮಕರಣ

ಹೆಸರಿಡುವ ಅಧಿಕಾರಕ್ಕಿಂತ ದೊಡ್ಡ ಅಧಿಕಾರ ಮನುಷ್ಯನಿಗೆ ಸಿಕ್ಕಿಲ್ಲ. ಹೆಸರಿಲ್ಲದ ವಸ್ತು ಇದ್ದೂ ಇಲ್ಲದಂತೆ. ಹೆಸರು ಬಿದ್ದ ಗಳಿಗೆಯಿಂದ ಅದು ಲೋಕಕ್ಕೆ ಸೇರುತ್ತದೆ, ಕರೆದರೆ ಓಗೊಡುತ್ತದೆ. ನಮ್ಮ ಮನೆಯಲ್ಲಿ ಈ ಮಹಾಧಿಕಾರವನ್ನು ಬಹಳ ಕಾಲ ಚಲಾಯಿಸಿದ್ದು ಟೀವಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಒಂದು ಸ್ಕ್ಯಾನರ್. ಅದು ನನ್ನ ಪಿಂಚಣಿ ಆದೇಶಕ್ಕೆ ‘ಸ್ಕ್ಯಾನ್ 7’ ಎಂದೂ, ಮಗಳ ಜಾತಕಕ್ಕೆ ‘ಸ್ಕ್ಯಾನ್ 8’ ಎಂದೂ, ಮಿಕ್ಸರಿನ ಗ್ಯಾರಂಟಿ ಕಾರ್ಡಿಗೆ ‘ಸ್ಕ್ಯಾನ್ 9’ ಎಂದೂ ಹೆಸರಿಟ್ಟು, ಮೂರನ್ನೂ ಸಮಾನ ಗೌರವದಿಂದ ಕಂಡಿತು.

ಇದನ್ನು ಸಹಿಸಿಕೊಂಡು ಕೂರುವ ಜಾತಿ ನನ್ನದಲ್ಲ. ನಾನು ಹೈದರಾಬಾದಿನ ಕುಷಾಯಿಗೂಡದ ಕಡೆಯ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ತಲೆ ನರೆಯುವ ತನಕ ನಕ್ಷೆ ಬರೆದವನು. ಅಲ್ಲಿ ಬೆರಳ ತುದಿಯಷ್ಟು ಸ್ಕ್ರೂಗೂ ಒಂದು ನಂಬರು. ಎರಡು ವಸ್ತುಗಳಿಗೆ ಒಂದೇ ನಂಬರು ಇರಕೂಡದು, ಒಂದು ವಸ್ತುವಿಗೆ ಎರಡು ನಂಬರು ಇರಕೂಡದು. ಈ ಎರಡು ವಾಕ್ಯಗಳನ್ನು ಪಾಲಿಸಿದ ಮನುಷ್ಯನಿಗೆ ಬೇರೆ ಧರ್ಮದ ಅಗತ್ಯ ಬೀಳುವುದಿಲ್ಲ ಎಂದು ನಮ್ಮ ವಿಭಾಗದ ಹಿರಿಯರು ನಂಬಿದ್ದರು. ನಾನೂ ನಂಬಿದೆ. ನಿವೃತ್ತನಾಗಿ ಮನೆಗೆ ಬರುವಾಗ ಕಾರ್ಖಾನೆಯಿಂದ ನಾನು ಹೊತ್ತು ತಂದದ್ದು ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ಈ ನಂಬಿಕೆ.

ಹಾಗಾಗಿ ನಮ್ಮ ಮನೆಯ ಫೈಲುಗಳಿಗೆ ನಾನೊಂದು ಪದ್ಧತಿ ಮಾಡಿದೆ. ಉದಾಹರಣೆಗೆ ‘ಆ-04-02-ಸಿ’. ಆ ಎಂದರೆ ಆರೋಗ್ಯ. 04 ಎಂದರೆ ಹೃದಯ. ಕಣ್ಣು, ಹಲ್ಲು, ಹೊಟ್ಟೆ ಅದಕ್ಕಿಂತ ಮುಂಚೆ ಕೆಟ್ಟಿದ್ದರಿಂದ ಅವಕ್ಕೆ ಮೊದಲ ಮೂರು ಸ್ಥಾನ. 02 ಎಂದರೆ ನಾನು. ಮನೆಯ ಯಜಮಾನಿಗೆ 01 ಕೊಟ್ಟಿದ್ದೆ, ಸೌಜನ್ಯ. ಕೊನೆಯ ಸಿ ಎಂದರೆ ಮೂರನೆಯ ಸಲ ತಿದ್ದಿದ ಪ್ರತಿ. ಎಲ್ಲವನ್ನೂ ಹೀಗೆ ಹೆಸರಿಸಿ, ಕಂಪ್ಯೂಟರಿನಿಂದ ಹೆಂಡತಿಯ ಫೋನಿಗೂ ಕಾಣುವಂತೆ ಜೋಡಿಸಿ, ಅವಳನ್ನು ಕರೆದು ತೋರಿಸಿದೆ.

ಅವಳು ಕೈಯಲ್ಲಿ ಮೆಂತ್ಯದ ಸೂಡು ಹಿಡಿದುಕೊಂಡೇ ನೋಡಿದಳು.

“ಛಂದ ಐತ್ರಿ,” ಅಂದಳು. “ನಿಮಗ ತಿಳಿತೈತಲ್ಲ, ಸಾಕು.”

ನಾನು ಇದನ್ನು ಪ್ರಶಂಸೆ ಎಂದು ತಿಳಿದು ದಾಖಲು ಮಾಡಿಕೊಂಡೆ.

ಅದಾದ ಮೇಲೆ ಒಂದು ಬೆಳಿಗ್ಗೆ, ಕುಡಿಯುವ ನೀರಿನ ಕ್ಯಾನು ಎತ್ತಿ ಇಡಲು ಬಗ್ಗಿದವನು ಹಾಗೆಯೇ ಕೂತುಬಿಟ್ಟೆ. ಎದೆಯಲ್ಲಿ ಯಾರೋ ಒಳಗಿನಿಂದ ಹಲಗೆ ಒತ್ತಿ ಹಿಡಿದಂತೆ. ಬೆವರು. ಹೆಂಡತಿ ಎದುರು ಮನೆಯವರ ಕಾರಿನಲ್ಲಿ ನನ್ನನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದಳು. ಅಲ್ಲಿ ಮಲಗಿಸಿ, ಎದೆಗೆ ತಂತಿಗಳನ್ನು ಅಂಟಿಸಿ, ಇಸಿಜಿ ತೆಗೆದು, ಬಾಯಿ ಮೂಗಿಗೆ ಆಮ್ಲಜನಕದ ಮುಸುಕು ಹಾಕಿದರು. ಡ್ಯೂಟಿ ಡಾಕ್ಟರು ಒಬ್ಬ ತೆಲುಗು ಹೆಣ್ಣುಮಗಳು. ಕಾಗದದ ಮೇಲಿನ ಗೆರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿ, ನನ್ನ ಹೆಂಡತಿಯ ಕಡೆ ತಿರುಗಿ ಕೇಳಿದಳು:

“ಅಮ್ಮಾ, ಪಾತ ಇಸಿಜಿ ಉಂದಾ?”

ಹಳೆಯ ಇಸಿಜಿ ಇದೆಯಾ ಎಂದು. ವಿಷಯ ಇಷ್ಟು: ನನ್ನ ಎದೆಯ ಗೆರೆಯಲ್ಲಿ ಒಂದು ಕಡೆ ಅಗಲವಾದ ಡೊಂಕಿದೆ. ಆ ಡೊಂಕು ಮೊದಲಿನಿಂದ ಇದ್ದದ್ದಾದರೆ ಅದು ನನ್ನ ಮೂಗಿನ ಹಾಗೆ, ಇರುವುದೇ ಹಾಗೆ. ಇವತ್ತು ಹೊಸದಾಗಿ ಬಂದದ್ದಾದರೆ ಒಂದು ನಿಮಿಷವೂ ಕಾಯುವಂತಿಲ್ಲ. ಎರಡರಲ್ಲಿ ಯಾವುದು ಎಂದು ಹೇಳಬಲ್ಲದ್ದು ಹಳೆಯ ಇಸಿಜಿ ಒಂದೇ. ಅದು ನಮ್ಮಲ್ಲಿತ್ತು. ಕಾರ್ಖಾನೆಯ ವಾರ್ಷಿಕ ತಪಾಸಣೆಯಲ್ಲಿ ತೆಗೆದದ್ದು, ಅದರಲ್ಲೂ ಅದೇ ಡೊಂಕು.

“ಉಂದಿ ಮೇಡಂ, ಉಂದಿ,” ಅಂದಳು ನನ್ನ ಹೆಂಡತಿ. ಫೋನು ತೆಗೆದಳು. ದೇವರು ಇದ್ದಾನೆ ಎನ್ನುವವರೂ ಹೀಗೆಯೇ ಹೇಳುತ್ತಾರೆ. ತೋರಿಸಿ ಎಂದಾಗ ಕಷ್ಟ.

ಅವಳ ಬೆರಳು ಪರದೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿತು. ಆ-01, ಆ-02, ಬ್ಯಾ-03, ಮ-01. ಎಲ್ಲವೂ ಅಚ್ಚುಕಟ್ಟಾಗಿ ಸಾಲು ನಿಂತಿದ್ದವು, ಒಂದೂ ತಾನು ಯಾರೆಂದು ಹೇಳಲಿಲ್ಲ. ನನಗೆ ಮುಸುಕಿನೊಳಗಿಂದ ಮಾತು ಹೊರಡದು. ಕೈ ಎತ್ತಿ ನಾಲ್ಕು ಬೆರಳು ತೋರಿಸಿದೆ, ಆಮೇಲೆ ಎರಡು. ನರ್ಸು ನನ್ನ ಕೈ ಹಿಡಿದು ಮೆಲ್ಲಗೆ ಹಾಸಿಗೆಯ ಮೇಲಿಟ್ಟಳು. ನಾನು ಮತ್ತೆ ಎತ್ತಿದೆ.

“ಯಾರಿಗಿ ಫೋನ್ ಮಾಡ್ಲ್ರಿ? ನಾಕ ಮಂದಿಗಿ ಹೇಳ್ಲೇನ? ಯಾರ ಆ ನಾಕ ಮಂದಿ?” ಎಂದು ಹೆಂಡತಿ ಬಗ್ಗಿ ಕೇಳಿದಳು. ಅವಳ ಮುಖದ ಬಣ್ಣ ನೋಡಿ ನಾನು ಬೆರಳು ಮಡಚಿಕೊಂಡೆ. ಆ ಸಂದರ್ಭದಲ್ಲಿ ನಾಲ್ಕು ಮಂದಿ ಎಂಬುದಕ್ಕೆ ನಮ್ಮಲ್ಲಿ ಬೇರೆ ಅರ್ಥವೂ ಇದೆ.

ಡಾಕ್ಟರು ಕಾಯಲಿಲ್ಲ. ಹೊಸದೆಂದೇ ಹಿಡಿಯಬೇಕಾಯಿತು, ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ನನ್ನನ್ನು ಒಳಗೆ ಒಯ್ದು ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ ಹೃದಯದ ರಕ್ತನಾಳಗಳನ್ನೆಲ್ಲ ನೋಡಿದರು. ಎಲ್ಲೂ ಅಡ್ಡಿಯಿಲ್ಲ. ಡೊಂಕು ಹಳೆಯದು, ಎದೆ ಹಿಡಿದದ್ದು ಸ್ನಾಯುವಿನ ಎಳೆತ. ಉಪಚಾರ ಮುಗಿಸಿ ಕಳಿಸಿಕೊಟ್ಟರು.

ಮನೆಗೆ ಬಂದು ಹಾಸಿಗೆಯಲ್ಲಿ ಒರಗಿ ಕೂತು, ಆದದ್ದು ಒಳ್ಳೆಯದೇ ಆಯಿತು, ಒಳಗೆ ಸ್ವಚ್ಛ ಇದೆ ಎಂದು ಗೊತ್ತಾಯಿತಲ್ಲ ಎಂದು ಹೆಂಡತಿಗೆ ಸಮಾಧಾನ ಹೇಳಿದೆ. ಅವಳು ಗಂಜಿಯ ಬಟ್ಟಲು ಕೆಳಗಿಟ್ಟಳು.

“ಇದ್ದದ್ದು ಸಿಗಲಿಲ್ಲಲ್ರಿ,” ಅಂದಳು. “ಇಲ್ದಿದ್ರ ಬ್ಯಾರೆ ಮಾತು. ಕೈಯಾಗ ಇತ್ತು. ಕೈಯಾಗ ಹಿಡಕೊಂಡ ಹೊರಗ ಕೂತಿದ್ದೆ. ಬಾಗಲಾ ಮುಚ್ಚಿದ್ರು, ತೆಗೀಲಿಲ್ಲ, ತೆಗೀಲಿಲ್ಲ. ನಾ ಫೋನ ತಿಕ್ಕೋತ ಕೂತಿದ್ದೆ.”

ಗಂಜಿ ಕುಡಿದು ಮುಗಿಸುವಷ್ಟರಲ್ಲಿ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ನಾನು ಬಾಯಿ ಬಿಡಲಾಗದೆ ಮಲಗಿರುವಾಗ, ಈ ಹೆಂಗಸು ಒಬ್ಬಳೇ, ಯಾರನ್ನೂ ಕೇಳದೆ, ನಿಂತ ಕಾಲಲ್ಲಿ ಆ ಹಳೆಯ ಇಸಿಜಿಯನ್ನು ಹುಡುಕಿ ಡಾಕ್ಟರ ಮುಂದೆ ಹಿಡಿಯಬೇಕು. ಅದು ಆಗುವ ತನಕ ಮನೆಯಲ್ಲಿ ಬೇರೆ ಯಾವ ಸುಧಾರಣೆಯೂ ನಡೆಯತಕ್ಕದ್ದಲ್ಲ. ಬಾತ್‌ರೂಮಿನ ನಲ್ಲಿ ಸೋರುತ್ತಿತ್ತು; ಸೋರಲಿ.

ಒಂದು ಝೆರಾಕ್ಸ್ ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಮಗಳೂ ಕೇಳಿದಳು. ಅದಕ್ಕೆ ಅವಳ ತಾಯಿಯೇ ಉತ್ತರ ಕೊಟ್ಟಳು: “ಇವರ ಬೀಳೋ ದಿನ ಪರ್ಸ ಬ್ಯಾರೆ ಪ್ಯಾಂಟಿನ್ಯಾಗ ಇರತೈತಿ.” ಫೋನಾದರೆ ಸದಾ ಅವಳ ಕೈಯಲ್ಲೇ ಇರುತ್ತದೆ. ಈ ವಾದದಲ್ಲಿ ನನಗೆ ಲೋಪ ಕಾಣಲಿಲ್ಲ.

ನನ್ನ ಹಳೆಯ ಪದ್ಧತಿಯನ್ನು ನಾನೇ ರದ್ದು ಮಾಡಿದೆ. ದುಃಖವಾಗಲಿಲ್ಲ ಎಂದರೆ ಸುಳ್ಳು. ಹೊಸದರ ರಚನೆಗೆ ತಜ್ಞರ ಅಭಿಪ್ರಾಯ ಪಡೆಯಬೇಕೆಂದು ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹೆಣ್ಣುಮಗಳನ್ನು ಭಾನುವಾರ ಕೆಳಗೆ ಕರೆದೆ. ಅವಳು ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು, ಕೈಕೆಳಗೆ ಹತ್ತಾರು ಜನ. ನನ್ನ ಹೆಂಡತಿ ಮಾಡುವ ಜೋಳದ ರೊಟ್ಟಿಗೂ ಶೇಂಗಾ ಚಟ್ನಿಗೂ ಅವಳು ಮಣಿದಷ್ಟು ತನ್ನ ಮೇಲಧಿಕಾರಿಗಳಿಗೆ ಮಣಿದದ್ದಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಅವಳು ನನ್ನ ಫೈಲುಗಳನ್ನು ನೋಡಿ ಮೊದಲು ನಕ್ಕಳು, ಆಮೇಲೆ ನಗು ತಡೆದಳು.

“ಅಂಕಲ್, ಇದು ಗೂಢಚಾರರು ಮಾಡೋ ಥರ ಇದೆ. ಹೆಸರು ಓದಿದ್ರೆ ಒಳಗೇನಿದೆ ಅಂತ ಗೊತ್ತಾಗ್ಬೇಕು. ಯಾರದು, ಏನು, ಯಾವ ವರ್ಷದ್ದು. ಮೂರೇ ತುಂಡು. ನಮ್ಮ ಆಫೀಸಲ್ಲಿ ವರ್ಷ ಮೊದ್ಲು ಹಾಕ್ತೀವಿ, ಎಲ್ಲಾ ತಾವೇ ಸಾಲಾಗಿ ಕೂತ್ಕೊಳ್ತವೆ.”

“ಯಾವ ವರ್ಷದ್ದಂತ ನನಗ ನೆನಪಿದ್ರ ನಾ ಯಾಕ ಹುಡುಕ್ಲಿ?” ಎಂದಳು ಹೆಂಡತಿ ಒಳಗಿಂದ.

ಹಾಗಾಗಿ ವರ್ಷ ಕೊನೆಗೆ ಹೋಯಿತು. ಮೊದಲು ಯಾರದು, ಆಮೇಲೆ ಏನು. ಎಲ್ಲವೂ ಕನ್ನಡ ಅಕ್ಷರದಲ್ಲಿ. ನನ್ನ ಹೆಸರು, ಇಸಿಜಿ, ವರ್ಷ. ಇಷ್ಟು ಸರಳವಾದದ್ದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದರೆ, ಸರಳವಾದದ್ದಕ್ಕೆ ನಮ್ಮ ವಿಭಾಗದಲ್ಲಿ ಬಡ್ತಿ ಸಿಗುತ್ತಿರಲಿಲ್ಲ. ಇಡೀ ವಾರ ಕೂತು ಎಲ್ಲ ಫೈಲುಗಳ ಹೆಸರು ಬದಲಿಸಿದೆ. ಮುಂದಿನ ಭಾನುವಾರ ಮೈಸೂರಿನವಳ ಸಮ್ಮುಖದಲ್ಲಿ ಒಂದು ಕವಾಯತು ಇಟ್ಟುಕೊಂಡೆವು.

ನಾನು ಸೋಫಾದ ಮೇಲೆ ಮಲಗಿ ಕಣ್ಣು ಮುಚ್ಚಿದೆ.

“ನಾ ಬಿದ್ದೇನಿ. ಮಾತ ಬರಂಗಿಲ್ಲ. ಡಾಕ್ಟರ್ ಕೇಳಾಕತ್ಯಾರ. ಹುಡುಕು.”

“ಬಿದ್ದಾವ್ರು ಇಷ್ಟ ಮಾತಾಡಂಗಿಲ್ರಿ,” ಎಂದು ಹೆಂಡತಿ ಫೋನು ಎತ್ತಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಹೆಂಡತಿ ಫೋನಿನಲ್ಲಿ ಅಕ್ಷರ ಒತ್ತುವವಳಲ್ಲ. ಚಾಳೀಸು ಹಾಕಿದರೂ ಆ ಸಣ್ಣ ಅಕ್ಷರಗಳ ಸಂತೆಯಲ್ಲಿ ಅವಳಿಗೆ ಒತ್ತಕ್ಷರ ಸಿಗುವುದಿಲ್ಲ. ಅವಳು ಮೈಕಿನ ಚಿತ್ರ ಒತ್ತಿ, ಬಾಯಿಂದ ಹೇಳಿ ಹುಡುಕುತ್ತಾಳೆ. ಪ್ರವಚನ, ಉಪ್ಪಿನಕಾಯಿ, ತಂಗಿಯ ನಂಬರು, ಎಲ್ಲವೂ ಹಾಗೆಯೇ. ಅದರಲ್ಲಿ ಅವಳ ಕೈ, ಅಂದರೆ ಬಾಯಿ, ಪಳಗಿದೆ.

ಅವಳು ಮೈಕು ಒತ್ತಿದಳು. ಫೋನು ‘ಠಣ್’ ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಒಂದು ಕಣ್ಣು ತೆರೆದೆ. ಅವಳು ಫೋನನ್ನು ಬಾಯಿಯ ಮುಂದೆ ಹಿಡಿದು, ತುಟಿ ಬಿಗಿದು, ಗೋಡೆ ನೋಡುತ್ತ ನಿಂತಿದ್ದಳು. ಕಿವಿಯ ತುದಿ ಕೆಂಪಾಗಿತ್ತು.

“ಏನಾತು?”

“ಇದು ಆಗಂಗಿಲ್ರಿ.”

“ಯಾಕ? ಹೆಸರ ಹೇಳು, ಇಸಿಜಿ ಅನ್ನು. ಮುಗೀತು.”

“ಹೆಸರಽ ಹೆಂಗ ಹೇಳ್ಲಿ?”

ಮೈಸೂರಿನವಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು, ಮತ್ತು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಇದು ಪದ್ಧತಿ ರಚಿಸುವ ಮುಂಚೆ ತಿಳಿಯಬೇಕಿತ್ತು. ನಮ್ಮ ವಿಜಯಪುರದ ಕಡೆಯ ಅವಳ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ಬ್ಯಾಂಕಿನಲ್ಲಿ, ರೇಷನ್ ಕಾರ್ಡಿನಲ್ಲಿ ಬರೆಯುತ್ತಾಳೆ, ಬರೆಯುವುದಕ್ಕೆ ದೋಷವಿಲ್ಲ. ಬಾಯಿಂದ ಮಾತ್ರ ಇಲ್ಲ. ನಮ್ಮ ತಾಯಿಯಂತೂ ವಾರದಲ್ಲಿ ಒಂದು ದಿನದ ಹೆಸರನ್ನೇ ಹೇಳುತ್ತಿರಲಿಲ್ಲ, ಅದರೊಳಗೆ ನಮ್ಮ ತಂದೆಯ ಹೆಸರಿತ್ತು. ‘ಸಂತಿ ಮರುದಿನ’ ಅನ್ನುತ್ತಿದ್ದಳು. ಊರು ಬಿಟ್ಟು ಹೈದರಾಬಾದಿಗೆ ಬಂದು, ಆ ಸಂತೆ ನೂರಾರು ಮೈಲು ಹಿಂದೆ ಉಳಿದ ಮೇಲೂ ನಮ್ಮ ಮನೆಯಲ್ಲಿ ಅದು ಸಂತೆಯ ಮರುದಿನವೇ.

ಈಗ ಪರಿಸ್ಥಿತಿಯ ಗಾಂಭೀರ್ಯವನ್ನು ಗಮನಿಸಿ. ನನ್ನ ಜೀವ ಉಳಿಸಬೇಕಾದರೆ ಅವಳು ಮೊದಲು ನನ್ನ ಆಯುಷ್ಯ ಕಡಿಮೆ ಮಾಡಬೇಕು. ಅದೂ ಎಂಥ ಹೊತ್ತಿನಲ್ಲಿ? ಇರುವುದೇ ಅಷ್ಟಿಷ್ಟು ಎನ್ನುವ ಹೊತ್ತಿನಲ್ಲಿ.

“ಆಂಟಿ, ಅದೆಲ್ಲ ಈಗ ಯಾರು ನಂಬ್ತಾರೆ?” ಅಂದಳು ಮೈಸೂರಿನವಳು.

“ನಂಬೂದಲ್ಲವಾ. ಇವರ ಚಲೋ ಇದ್ದಾಗ ಒಂದ ಸಲ ಹೇಳಿದ್ರ ಏನಾಗಂಗಿಲ್ಲ ಬಿಡು. ಆದ್ರ ಇವರ ಅಲ್ಲಿ ಮಲಗಿದಾಗ ನನ್ನ ಬಾಯಿಂದ ಬರಂಗಿಲ್ಲ. ಬರಂಗಿಲ್ಲಂದ್ರ ಬರಂಗಿಲ್ಲ. ಕಟ್ಟಿ ಹಾಕಿದ್ರೂ ಬರಂಗಿಲ್ಲ.”

ಇದು ಹಟವಲ್ಲ, ಯಂತ್ರದ ಮಿತಿಯನ್ನು ಮುಂಚೆಯೇ ತಿಳಿಸುವ ಪ್ರಾಮಾಣಿಕತೆ. ನಮ್ಮ ಕಾರ್ಖಾನೆಯಲ್ಲಿ ಇಂಥ ಮಾಹಿತಿ ಸಾಮಾನ್ಯವಾಗಿ ಅಪಘಾತದ ನಂತರ ಸಿಗುತ್ತಿತ್ತು. ನಾನು ಸೋಫಾದಿಂದ ಎದ್ದು ಕೂತೆ. ಬಿಡುವವನು ನಾನಲ್ಲ.

“ಹೆಸರ ಬ್ಯಾಡ. ನಂಬರ ಹಾಕೂಣು. ನಾ ಅಂದ್ರ ಎರಡು. ‘ಎರಡು ಇಸಿಜಿ’ ಅನ್ನು.”

“ನಂಬರ ಹಾಕಿ ಕರಿಯಾಕ ನೀವೇನ ಖೈದೀನ್ರಿ?”

ಆ ಪ್ರಸ್ತಾಪ ಅಲ್ಲಿಗೆ ಬಿತ್ತು. ಆಗ ಮೈಸೂರಿನವಳು ಕೇಳಿದಳು, ಹಾಗಾದರೆ ಮದುವೆ ಮನೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಾರಲ್ಲ, ತಾನು ಒಂದು ಕಡೆ ನೋಡಿದ್ದೇನೆ, ಅದು ಹೇಗೆ ಎಂದು. ಅದು ಒಡಪು. ಮನೆ ತುಂಬಿಸಿಕೊಳ್ಳುವಾಗ, ಸೀಮಂತದಲ್ಲಿ, ಆರತಿಯ ತಟ್ಟೆ ಮುಂದೆ ಹಿಡಿದು ಎಲ್ಲರೂ ಕಾಡಿದಾಗ, ಹೆಣ್ಣುಮಕ್ಕಳು ಎರಡು ಮೂರು ಸಾಲಿನ ಪದ್ಯದಲ್ಲಿ ಸುತ್ತಿ ಗಂಡನ ಹೆಸರು ಹೇಳುತ್ತಾರೆ. ಪದ್ಯದಲ್ಲಿ ಹೇಳಿದರೆ ದೋಷವಿಲ್ಲ. ಕಾನೂನಿನಲ್ಲಿ ಸದಾ ಒಂದು ಕಿಂಡಿ ಇರುತ್ತದೆ.

“ಹಾಗಿದ್ರೆ ಒಡಪಲ್ಲೇ ಹುಡುಕಿ ಆಂಟಿ!”

“ಹುಚ್ಚಿ ಅದಿಯೇನ, ಡಾಕ್ಟರ ಮುಂದ ಒಡಪಾ ಹೇಳ್ಲಿ?”

“ಒಂದೇ ಸಲ. ಟೆಸ್ಟಿಗೆ.”

ಹೆಂಡತಿ ನನ್ನ ಕಡೆ ನೋಡಿದಳು. ನಾನು ಸಭಾಧ್ಯಕ್ಷನ ಮುಖ ಮಾಡಿಕೊಂಡು ಅನುಮತಿ ಎಂಬಂತೆ ತಲೆಯಾಡಿಸಿದೆ. ಅವಳು ಸೆರಗು ಸರಿಮಾಡಿಕೊಂಡು, ಮೈಕು ಒತ್ತಿ, ಗೋಡೆಗೆ ಮುಖ ಮಾಡಿ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮೊದಲ ಸಾಲಿನಲ್ಲಿ ಬೆಳ್ಳಿಯ ತಾಟು ಬಂತು, ಎರಡನೆಯದರಲ್ಲಿ ದುಂಡುಮಲ್ಲಿಗೆ, ಮೂರನೆಯದರಲ್ಲಿ ನಾನು. ಕೊನೆಗೆ ಪ್ರಾಸ ತಪ್ಪಿಸಿ ‘ಇಸಿಜಿ’.

ಅವಳ ಬಾಯಲ್ಲಿ ನನ್ನ ಹೆಸರು ನಾನು ಹಿಂದೆ ಕೇಳಿದ್ದು ಮಗಳ ಮದುವೆಯಲ್ಲಿ. ಅದಕ್ಕೆ ಮುಂಚೆ ಮಗಳು ಹೊಟ್ಟೆಯಲ್ಲಿದ್ದಾಗ. ಕಛೇರಿಯಲ್ಲಿ, ಪಿಂಚಣಿ ಕೌಂಟರಿನಲ್ಲಿ ಸಾವಿರ ಸಲ ಕೂಗಿಸಿಕೊಂಡ ಹೆಸರು ಅದು. ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಮೈಸೂರಿನವಳು ಫೋನನ್ನು ಬಗ್ಗಿ ನೋಡಿದಳು. ಹುಡುಕುವ ಜಾಗದಲ್ಲಿ ಬೆಳ್ಳಿಯ ತಾಟಿನಿಂದ ಹಿಡಿದು ಇಸಿಜಿಯವರೆಗೆ ಪೂರ್ತಿ ಪದ್ಯ ಅಚ್ಚಾಗಿತ್ತು. ಕೆಳಗೆ, ಯಾವ ಫೈಲೂ ಸಿಗಲಿಲ್ಲ ಎಂದಿತ್ತು.

“ಎಲ್ಲಾ ಪದ ಹೊಂದ್ಬೇಕಲ್ಲ,” ಎಂದು ಅವಳು ಸಪ್ಪಗೆ ಅಂದಳು. “ಫೈಲಿಗೂ ಅದೇ ಪದ್ಯ ಹೆಸರಿಟ್ರೆ ಸಿಗತ್ತೆ, ಅಂಕಲ್.”

ನನ್ನ ಇಸಿಜಿಗೆ ದುಂಡುಮಲ್ಲಿಗೆಯ ಹೆಸರಿಡುವುದಕ್ಕೆ ನಾನು ಸಿದ್ಧನಿರಲಿಲ್ಲ. ಸಭೆಯನ್ನು ಮುಂದೂಡಿದೆ.

ಅಂದು ಮಧ್ಯಾಹ್ನ ಮಗಳು ಫೋನು ಮಾಡಿದಳು. ಅವಳು ದಿಲ್‌ಸುಖ್‌ನಗರದಲ್ಲಿ ಸಂಸಾರ ಮಾಡಿಕೊಂಡು, ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುತ್ತಾಳೆ. ಗಂಡನನ್ನು ಹೆಸರು ಹಿಡಿದು, ಕೆಲವು ಸಲ ಅರ್ಧ ಹೆಸರು ಹಿಡಿದು ಕರೆಯುತ್ತಾಳೆ, ಅಳಿಯ ಗುಂಡುಕಲ್ಲಿನ ಹಾಗಿದ್ದಾನೆ. ಫೈಲುಗಳು ಅವಳಿಗೂ ಕಾಣುವಂತಿದ್ದವು. ಹೆಂಡತಿ ಸ್ಪೀಕರ್ ಹಾಕಿ ಕವಾಯತಿನ ಕಥೆಯನ್ನೆಲ್ಲ ಹೇಳಿದಳು.

“ಅವ್ವಾ, ಇಷ್ಟ್ಯಾಕ ರಾಮಾಯಣ? ‘ಅಪ್ಪ ಇಸಿಜಿ’ ಅಂತಿಟ್ರ ಮುಗೀತಲ್ಲ.”

“ಅಪ್ಪ ಅಂದ್ರ ನಮ್ಮಪ್ಪ. ಅವರ ಹೋಗಿ ಎಷ್ಟ ವರ್ಷಾತು. ಅವರದೆಲ್ಲೈತಿ ಇಸಿಜಿ?”

“ನಿಮ್ಮಪ್ಪನ್ನ ಯಾರ ಕೇಳಿದ್ರು? ನಮ್ಮಪ್ಪ!”

“ನಿಮ್ಮಪ್ಪಗ ನಾ ಅಪ್ಪ ಅಂತ ಹೆಂಗ ಅನ್ಲಿ? ಛೀ!”

ನಾನು ಕಾರ್ಖಾನೆಯ ಎರಡು ವಾಕ್ಯಗಳನ್ನು ನೆನೆಸಿಕೊಂಡು ಕಣ್ಣು ಮುಚ್ಚಿದೆ. ಇಲ್ಲಿ ಒಂದು ಹೆಸರಿಗೆ ಇಬ್ಬರು, ಒಬ್ಬನಿಗೆ ಎರಡು ಹೆಸರು. ಕಡೆಗೆ ಮಗಳು ಸೋತು, “ಹಂಗಾರ ನೀ ಅಪ್ಪಗ ಏನಂತೀ? ಅದನ್ನಽ ಇಡು,” ಅಂದಳು.

“ನಾ ಏನಂತೀನಿ? ಇವರಂತೀನಿ.”

ಹೆಂಡತಿ ಫೋನಿಟ್ಟು, ನನ್ನನ್ನು ಕೇಳದೆ, ಮಹಡಿಯ ಮೆಟ್ಟಿಲ ಕೆಳಗೆ ನಿಂತು ಮೈಸೂರಿನವಳನ್ನು ಕೂಗಿ ಕರೆದಳು. ನಾನು ಪ್ರತಿಭಟಿಸಿದೆ. ‘ಇವರು’ ಎಂದರೆ ಯಾರು ಬೇಕಾದರೂ ಆಗಬಹುದು, ಬೀದಿಯಲ್ಲಿ ಹೋಗುವವನೂ ಇವರೇ, ಯಾವ ಕಛೇರಿಯೂ ಇದನ್ನು ಒಪ್ಪುವುದಿಲ್ಲ ಎಂದೆ.

“ಹೌದು ಆಂಟಿ,” ಎಂದಳು ಇಳಿದು ಬಂದ ಮೈಸೂರಿನವಳು. “ಇವರು ಅಂದ್ರೆ ಯಾರು ಅಂತ ಗೊತ್ತಾಗ್ಬೇಕಲ್ಲ.”

“ಇವರಂದ್ರ ಇವರ. ಮತ್ತ ಯಾರವಾ?” ಹೆಂಡತಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಲಿಲ್ಲ. “ಹಾಲಿನಾಂವಗ ಹಾಲಿನಾಂವ ಅಂತೀನಿ. ಎದುರಮನಿ ಅವರಿಗಿ ಎದುರಮನಿ ಅವರಂತೀನಿ. ಇವರಂತ ನಾ ಇನ್ಯಾರಿಗಿ ಅಂದೇನಿ?”

ನಾನು ಯೋಚಿಸಿ ನೋಡಿದೆ. ಇಷ್ಟು ವರ್ಷಗಳಲ್ಲಿ ಅವಳು ಬೇರೆ ಯಾರಿಗೂ ಹಾಗೆ ಅಂದದ್ದಿಲ್ಲ. ಆ ಪದಕ್ಕೆ ಅವಳ ಬಾಯಲ್ಲಿ ಒಂದೇ ವಸ್ತು, ಆ ವಸ್ತುವಿಗೆ ಒಂದೇ ಪದ. ನಮ್ಮ ಡ್ರಾಯಿಂಗ್ ವಿಭಾಗ ಅಷ್ಟು ಶುದ್ಧವಾಗಿ ಪಾಲಿಸಿದ ನಂಬರು ಒಂದೂ ನನ್ನ ನೆನಪಿಗೆ ಬರಲಿಲ್ಲ. ಪ್ರತಿಭಟನೆಯನ್ನು ವಾಪಸು ಪಡೆದೆ.

ಎರಡನೆಯ ತುಂಡಿನಲ್ಲೂ ಸ್ವಲ್ಪ ಜಗಳ ನಡೆಯಿತು. ಇಸಿಜಿ ಎಂದು ಹೇಳುವಾಗ ಗಾಬರಿಯಲ್ಲಿ ನಾಲಿಗೆ ತೊಡರುತ್ತದೆ ಎಂದಳು. ಅವಳ ಲೆಕ್ಕದಲ್ಲಿ ಅದು ‘ಎದಿ ಗೆರಿ’. ಎದೆಯ ಗೆರೆ, ಇರುವುದೂ ಅದೇ. ರಕ್ತದ ವರದಿಗೆ ‘ಇವರ ರಗತ’, ಕಣ್ಣಿನದಕ್ಕೆ ‘ಇವರ ಕಣ್ಣ’. ಹಳೆಯದು, ಹೊಸದು ಎಂದು ಕೊನೆಗೆ ಸೇರಿಸೋಣ ಎಂದಾಗ ಮಾತ್ರ ನಾನು ಮೇಜು ಕುಟ್ಟಿದೆ. ‘ಹೊಸದು’ ಎಂದು ಹೆಸರಿಟ್ಟ ಯಾವ ನಕ್ಷೆಯೂ ಒಂದು ಮಳೆಗಾಲ ಹೊಸದಾಗಿ ಉಳಿದದ್ದಿಲ್ಲ. ಕೊನೆಯಲ್ಲಿ ವರ್ಷವೇ ಇರಬೇಕು. ಅದನ್ನು ಅವಳು ಬಿಟ್ಟುಕೊಟ್ಟಳು. ಇಡೀ ಪದ್ಧತಿಯಲ್ಲಿ ನನ್ನದೆಂದು ಉಳಿದದ್ದು ಆ ನಾಲ್ಕು ಅಂಕಿ.

ಮನೆಯಲ್ಲಿ ಪರೀಕ್ಷೆ ಪಾಸಾಯಿತು. ಆದರೆ ಮನೆಯಲ್ಲಿ ಪಾಸಾದದ್ದನ್ನು ನಂಬುವವನು ಡ್ರಾಯಿಂಗಿನವನಲ್ಲ. ಆಸ್ಪತ್ರೆಯಲ್ಲಿ ಗದ್ದಲವಿರುತ್ತದೆ, ಜನರಿರುತ್ತಾರೆ, ನಾಚಿಕೆಯಿರುತ್ತದೆ. ಜನವರಿ ಬಂದಿತ್ತು. ಹೆಂಡತಿಯನ್ನು ನಾಂಪಲ್ಲಿಯ ದೊಡ್ಡ ವಸ್ತುಪ್ರದರ್ಶನವಾದ ನುಮಾಯಿಷ್‌ಗೆ ಕರೆದುಕೊಂಡು ಹೋದೆ. ಅವಳು ಬೆಡ್‌ಶೀಟು ಕೊಳ್ಳುವುದಕ್ಕೆ ಬಂದಿದ್ದಳು, ನಾನು ಸದ್ದಿಗೆ. ಒಂದು ಕಡೆ ಜಯಂಟ್ ವೀಲಿನ ಕಿರುಚಾಟ, ಒಂದು ಕಡೆ ತಪ್ಪಿಸಿಕೊಂಡವರ ಹೆಸರು ಕೂಗುವ ಧ್ವನಿವರ್ಧಕ, ನಡುವೆ ಮಿರ್ಚಿ ಬಜ್ಜಿಯ ಸಾಲು. ಅಲ್ಲಿ ನಿಲ್ಲಿಸಿದೆ.

“ಈಗ ಹುಡುಕು.”

“ಇಲ್ಲ್ಯಾಕ್ರಿ? ಮಂದಿ ನೋಡಾಕತ್ಯಾರ.”

“ಅದಕ್ಕಽ.”

ಅವಳು ಫೋನನ್ನು ಬಾಯಿಗೆ ಹತ್ತಿರ ಹಿಡಿದು, “ಇವರ ಎದಿ ಗೆರಿ,” ಅಂದಳು. ಸಿಗಲಿಲ್ಲ. ಗಟ್ಟಿಯಾಗಿ ಹೇಳು ಎಂದೆ. “ಇವರ ಎದಿ ಗೆರಿ!” ಅಂದಳು ತಾರಕದಲ್ಲಿ. ಪಕ್ಕದಲ್ಲಿ ಬಳೆ ನೋಡುತ್ತಿದ್ದ ಬುರ್ಖಾದ ಹಿರಿಯ ಹೆಂಗಸೊಬ್ಬರು ಕನಿಕರದಿಂದ ತಿರುಗಿದರು.

“ಕ್ಯಾ ಹುವಾ ಅಮ್ಮಾ? ಮಿಯಾಂ ಗುಮ್ ಹೋ ಗಯೇ ಕ್ಯಾ?”

ಗಂಡ ಕಳೆದುಹೋದನೇ ಎಂದು ಕೇಳಿದ್ದು. “ನೈ ಅಮ್ಮಾ,” ಎಂದು ನನ್ನ ಹೆಂಡತಿ ಗಲ್ಲದಿಂದ ನನ್ನ ಕಡೆ ತೋರಿಸಿದಳು, “ಇಧರೀಚ್ ಹೈ. ಕಾಂ ಬೀ ಇನೋಂಕಾಚ್ ಹೈ.” ಇಲ್ಲೇ ಇದ್ದಾರೆ, ಇದೆಲ್ಲ ಅವರದೇ ಕೆಲಸ. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೋ ಅರ್ಥವಾದಂತೆ ತಲೆಯಾಡಿಸಿ, ಬಳೆಗೆ ಮರಳಿದರು. ಅಷ್ಟರಲ್ಲಿ ಪರದೆಯ ಮೇಲೆ ಫೈಲು ತೆರೆದಿತ್ತು. ಡೊಂಕು ಕಾಣುತ್ತಿತ್ತು. ಬೆಡ್‌ಶೀಟನ್ನು ಚೌಕಾಸಿ ಮಾಡದೆ ತೆಗೆದುಕೊಂಡೆವು.

ಆ ಮೇಲೆ ವಾರಕ್ಕೊಮ್ಮೆ ಕವಾಯತು ಮಾಡಿಸಿದೆ. ತರಕಾರಿ ಹೆಚ್ಚುವಾಗ, ಬಸ್ಸಿನಲ್ಲಿ, ಒಂದು ಸಲ ಅವಳು ಪೂಜೆಗೆ ಕೂತಾಗ. ಪೂಜೆಯಲ್ಲಿ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು, ಆದರೆ ಫೈಲು ಹುಡುಕಿ ತೋರಿಸಿದ ಮೇಲೆಯೇ ಬಿಟ್ಟಳು. ಮೈಸೂರಿನವಳು ತನ್ನ ಆಫೀಸಿನಲ್ಲಿ ಈ ಪದ್ಧತಿಯ ಬಗ್ಗೆ ಹೇಳಿದಳಂತೆ, ಎಲ್ಲರೂ ನಕ್ಕರಂತೆ. ಅವರ ಆಫೀಸಿನಲ್ಲಿ ‘ಫೈನಲ್’, ‘ಫೈನಲ್ ಎರಡು’, ‘ನಿಜವಾದ ಫೈನಲ್’ ಎಂಬ ಹೆಸರಿನ ಫೈಲುಗಳಿವೆ ಎಂದು ಅವಳೇ ಹಿಂದೆ ಹೇಳಿದ್ದರಿಂದ, ಆ ನಗುವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮತ್ತೆ ಎದೆ ಹಿಡಿಯಿತು. ಈ ಸಲ ಏನೂ ಎತ್ತಿರಲಿಲ್ಲ, ಪೇಪರು ಓದುತ್ತಿದ್ದೆ. ಮಾತು ಹೊರಡಲಿಲ್ಲ, ಎಡಗೈ ಜೋಮು. ಹೋದ ಆಸ್ಪತ್ರೆಯೂ ಬೇರೆ, ಹತ್ತಿರ ಸಿಕ್ಕಿದ್ದು. ಮತ್ತೆ ತಂತಿ, ಮತ್ತೆ ಮುಸುಕು. ಡಾಕ್ಟರು ಗಂಡಸು, ಅವಸರದ ಮನುಷ್ಯ. ಕಾಗದ ಹರಿದು ಬೆಳಕಿಗೆ ಹಿಡಿದು, ಹಳೆಯದು ಏನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ನಳಿಕೆ ತೂರಿಸುವ ಒಳಗಿನ ಕೋಣೆಗೆ ಫೋನು ತಿರುಗಿಸತೊಡಗಿದರು.

ನಾನು ಬೆರಳು ಎತ್ತಲಿಲ್ಲ. ಹೆಂಡತಿ ನನ್ನ ಕಾಲ ಬಳಿ ನಿಂತಿದ್ದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತಂದಳು. ನನ್ನನ್ನು ನೋಡಲಿಲ್ಲ. ಆ ಕೋಣೆಯಲ್ಲಿ ಇನ್ನಿಬ್ಬರು ರೋಗಿಗಳು, ಅವರ ಕಡೆಯವರು, ನರ್ಸುಗಳು.

“ಇವರ ಎದಿ ಗೆರಿ,” ಅಂದಳು, ಸಾಕಷ್ಟು ಗಟ್ಟಿಯಾಗಿ.

ಆಮೇಲೆ ಡಾಕ್ಟರ ತೋಳು ಹಿಡಿದು, ಅವರ ಕಿವಿಯಲ್ಲಿದ್ದ ಫೋನಿಗೂ ಅವರ ಕಣ್ಣಿಗೂ ನಡುವೆ ತನ್ನ ಫೋನನ್ನು ಚಾಚಿದಳು. ಅವರು ಮಾತು ನಿಲ್ಲಿಸಿದರು. ಕಾಗದವನ್ನು ಪರದೆಯ ಪಕ್ಕ ಹಿಡಿದರು. ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿದರು. ವರ್ಷ ಯಾವುದು ಎಂದು ಕೇಳಿದರು. ಅದು ಹೆಸರಿನಲ್ಲೇ ಇತ್ತು, ಅವಳು ಬೆರಳಿಟ್ಟು ತೋರಿಸಿದಳು. ಅವರು ಫೋನಿನಲ್ಲಿ ಒಳಗಿನವರಿಗೆ, ಸದ್ಯಕ್ಕೆ ಬೇಡ, ಎಂದರು.

ರಕ್ತ ಎರಡು ಸಲ ಪರೀಕ್ಷೆ ಮಾಡಿದರು. ಎರಡೂ ಸಲ ಸರಿಯಿತ್ತು. ಡೊಂಕು ಹಳೆಯದು ಎಂದು ಚೀಟಿಯಲ್ಲಿ ಬರೆದು, ಕೈಯ ಜೋಮು ಕತ್ತಿನಿಂದ ಇಳಿದಿರಬಹುದೆಂದು ಅಲ್ಲಿನ ಮೂಳೆಯ ಎಕ್ಸ್‌ರೇ ತೆಗೆಸಲು ಹೇಳಿದರು. ಅಡ್ಮಿಟ್ ಮಾಡಿಕೊಳ್ಳಲಿಲ್ಲ.